ಕಾಂಕ್ರೀಟ್ ಅಂಗಳಕ್ಕೆ ಎರಡು ಸಲ ಹುಲ್ಲು ಹಾಸಿದ್ದು

ನಾಯಿಗಳಿಗೆ ಪ್ಲಾಸ್ಟಿಕ್ ಹುಲ್ಲು ಹಾಸ್ತೀನಿ ಅಂದಾಗ ಅತ್ತೆ ನಕ್ಕುಬಿಟ್ಟರು. "ಕೊಡಗಲ್ಲಿ ಕೂತ್ಕೊಂಡು ದುಡ್ಡು ಕೊಟ್ಟು ಹುಲ್ಲು ತರ್ತೀಯಾ?"

ಮಾತು ನಿಜವೇ. ನಮ್ಮ ಮನೆ ಗಾಳಿಬೀಡು ಕಡೆ. ಬಾಗಿಲು ತೆಗೆದರೆ ಕಾಫಿ ತೋಟ. ಆದರೆ ಆ ಹಸಿರಿನಲ್ಲಿ ಮಳೆಗಾಲ ಪೂರ್ತಿ ಜಿಗಣೆ. ನಾಯಿಯ ಬೆರಳ ಸಂದಿಯಲ್ಲಿ ಇರಲಿ, ಮೂಗಿನೊಳಗೂ ಹೊಕ್ಕಿರುತ್ತವೆ. ಮಳೆ ನಿಂತರೆ ಉಣ್ಣಿ. ಅಡುಗೆಮನೆ ಹಿಂದಿನ ಕಾಂಕ್ರೀಟ್ ಅಂಗಳದಲ್ಲೇ ಬಿಡೋಣ ಅಂದರೆ ಜುಲೈ ಹೊತ್ತಿಗೆ ಪಾಚಿ ಕಟ್ಟಿ ಜಾರುತ್ತದೆ. ನಮ್ಮ ಜೂಲಿಗೆ ವಯಸ್ಸಾಗಿದೆ. ಒಂದು ಸಲ ಹಿಂಗಾಲು ಎರಡೂ ಜಾರಿ ಬಿದ್ದವಳು, ಆಮೇಲೆ ಅಂಗಳಕ್ಕೆ ಇಳಿಯಲೇ ಇಲ್ಲ. ಎಲ್ಲಾ ಮೆಟ್ಟಿಲ ಮೇಲೆಯೇ.

ಮೊದಲ ಸಲ ನಾನು ಮಾಡಿದ್ದು ಶುದ್ಧ ದಡ್ಡತನ. ಮೇ ಕೊನೆಯಲ್ಲಿ, ಮಳೆ ಹಿಡಿಯೋ ಮುಂಚೆ ಮುಗಿಸಬೇಕು ಅನ್ನೋ ಅವಸರ. "ಸುಮ್ನೆ ಗಮ್ ಹಾಕಿ ಅಂಟಿಸಿ ಅಕ್ಕ, ಹಿಂಬದಿಯಲ್ಲಿ ತೂತು ಇದೆ, ನೀರು ಇಳಿದು ಹೋಗುತ್ತೆ" ಅಂದ ಅಂಗಡಿಯ ಹುಡುಗ. ತೂತು ಇತ್ತು, ಸರಿ. ಇಳಿದ ನೀರು ಎಲ್ಲಿಗೆ ಹೋಗಬೇಕು ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೆಳಗೆ ಕಾಂಕ್ರೀಟ್, ಅದಕ್ಕೆ ಒತ್ತಿ ಅಂಟಿಸಿದ ಹುಲ್ಲು. ಜುಲೈನಲ್ಲಿ ಕಾಲಿಟ್ಟರೆ ಪಚಪಚ. ಒಂದು ಮೂಲೆ ಎತ್ತಿ ನೋಡಿದೆ. ಕಪ್ಪು ಲೋಳೆ, ನಾಲ್ಕು ಸಹಸ್ರಪದಿ, ಮತ್ತೆ ಯಾವುದರಿಂದ ತಪ್ಪಿಸಿಕೊಳ್ಳಬೇಕು ಅಂತಿದ್ದೆನೋ ಅದೇ ಜಿಗಣೆ. ಗಮ್ ಅರ್ಧ ಕಡೆ ಒಣಗೇ ಇರಲಿಲ್ಲ. ಒಣಗಿದ ಕಡೆ ಉಳಿ ಹಿಡಿದು ಕೆರೆಯಬೇಕಾಯಿತು. ಹಾಸೋಕೆ ಒಂದು ದಿನ, ಕೆರೆಯೋಕೆ ನಾಲ್ಕು ದಿನ.

ಮತ್ತೆ ಕೈ ಹಾಕಿದ್ದು ಮುಂದಿನ ಫೆಬ್ರವರಿಯಲ್ಲಿ. ನಮ್ಮ ಕಡೆ ಗಮ್ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಬಿಟ್ಟರೆ ಬೇರೆ ಕಾಲವೇ ಇಲ್ಲ ಅನ್ನಬಹುದು.

ಈ ಸಲ ಹುಲ್ಲಿನ ಯೋಚನೆಯನ್ನೇ ಬಿಟ್ಟು ನೀರಿನ ಹಿಂದೆ ಹೋದೆ. ಅಂಗಳ 18 ಅಡಿ ಉದ್ದ, 12 ಅಡಿ ಅಗಲ. ನಾಲ್ಕು ಬಕೆಟ್ ನೀರು ಚೆಲ್ಲಿ, ಕಾಲು ಗಂಟೆ ಬಿಟ್ಟು ಬಂದು, ಎಲ್ಲೆಲ್ಲಿ ನೀರು ನಿಂತಿದೆಯೋ ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮೂರು ಗುಂಡಿ ಸಿಕ್ಕಿತು. ಒಂದರಲ್ಲಿ ಒಂದು ರೂಪಾಯಿ ನಾಣ್ಯ ಪೂರ್ತಿ ಮುಳುಗಿತು. ಮೇಸ್ತ್ರಿ ಬಂದು ಟ್ಯೂಬ್ ಲೆವೆಲ್ ಹಿಡಿದರು. 12 ಅಡಿಗೆ ಒಂದೂವರೆ ಇಂಚು ಇಳಿಜಾರು ಬರೋ ಹಾಗೆ ಸಿಮೆಂಟ್ ತೇಪೆ ಹಾಕಿದೆವು.

"ಕಾಂಕ್ರೀಟಿಗೇ ಅಲ್ಲಲ್ಲಿ ಡ್ರಿಲ್ ಹೊಡೆದು ಬಿಡೋಣ ಅಕ್ಕ, ನೀರು ಕೆಳಗೆ ಇಂಗುತ್ತೆ" ಅಂದರು ಅವರು. ಬೇರೆ ಊರಲ್ಲಾದರೆ ಅದು ಒಳ್ಳೆಯ ಉಪಾಯವೇ. ಆದರೆ ನಮ್ಮ ಅಂಗಳ ಮಣ್ಣು ತುಂಬಿಸಿ ಮಾಡಿದ್ದು, ಪಕ್ಕದಲ್ಲೇ ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು. 2018ರ ಆಗಸ್ಟಿನಲ್ಲಿ ಕೊಡಗಲ್ಲಿ ಗುಡ್ಡ ಕುಸಿದಿದ್ದನ್ನು ನೋಡಿದವರು ಬರೆಯೊಳಗೆ ನೀರು ಇಳಿಸೋ ಮಾತಾಡಲ್ಲ. ನೀರೆಲ್ಲ ಮೇಲೇ ಹರಿದು ಚರಂಡಿ ಸೇರಲಿ ಅಂದೆ.

ತೇಪೆಗೆ ಒಂದು ವಾರ ನೀರು ಹಾಕಿ, ಆಮೇಲೆ ಚೆನ್ನಾಗಿ ಒಣಗಲು ಬಿಟ್ಟೆ. ಅದರ ಮೇಲೆ ಡ್ರೈನ್ ಸೆಲ್. ತಾರಸಿ ತೋಟಕ್ಕೆ ಹಾಸುತ್ತಾರಲ್ಲ, ಒಂದಕ್ಕೊಂದು ಸಿಕ್ಕಿಸೋ ಕಪ್ಪು ಪ್ಲಾಸ್ಟಿಕ್ ಜಾಲರಿ, ಅದೇ. ನನ್ನದು 20 ಮಿಲಿಮೀಟರ್ ಎತ್ತರದ್ದು. ಹುಲ್ಲಿನ ಹತ್ತಿರ ಹತ್ತಿರಕ್ಕೇ ದುಡ್ಡಾಯಿತು, ಆದರೂ ಇದರಲ್ಲಿ ಉಳಿಸಲು ಹೋಗಬೇಡಿ. ಹುಲ್ಲಿಗೂ ಕಾಂಕ್ರೀಟಿಗೂ ನಡುವೆ ಸಿಗೋ ಆ ಮುಕ್ಕಾಲು ಇಂಚಿನ ಜಾಗದಲ್ಲೇ ನೀರೂ ಓಡಬೇಕು, ಗಾಳಿಯೂ ಆಡಬೇಕು.

ಹುಲ್ಲನ್ನು ಮೈಸೂರಿಂದ ತರಿಸಿದೆ. 25 ಮಿಲಿಮೀಟರ್ ಎತ್ತರದ್ದು, ಒತ್ತಾಗಿರೋದು. 40, 50 ಮಿಲಿಮೀಟರಿನದು ನೋಡೋಕೆ ಚೆಂದ, ಆದರೆ ನಾಯಿಯ ಹೇಲು ಅದರಲ್ಲಿ ಸಿಕ್ಕಿಕೊಂಡರೆ ಬಳಿಯುವವರು ನಾವೇ ಅಲ್ವಾ? ಎಳೆಗಳ ಮಧ್ಯೆ ಮರಳು ತುಂಬಿಸಿ ಅಂತ ಹೇಳುತ್ತಾರೆ. ನಾನು ತುಂಬಿಸಲಿಲ್ಲ. ಮರಳು ಉಚ್ಚೆ ಹೀರಿಕೊಂಡು ಕೂರುತ್ತದೆ, ಉಳಿದದ್ದು ನಾಯಿ ಕಾಲಲ್ಲಿ ಮನೆಯೊಳಗೆ ಬರುತ್ತದೆ. ಮರಳಿಲ್ಲದ್ದಕ್ಕೆ ಹುಲ್ಲು ಬೇಗ ಮಲಗುತ್ತದೆ, ಅದು ನಿಜ. ವಾರಕ್ಕೊಮ್ಮೆ ಗಟ್ಟಿ ಪೊರಕೆಯಲ್ಲಿ ಎದುರು ಗುಡಿಸುತ್ತೇನೆ.

ಸುರುಳಿ ಬಿಚ್ಚಿ ಅರ್ಧ ದಿನ ಬಿಸಿಲಲ್ಲಿ ಬಿಟ್ಟೆ, ಸುಕ್ಕು ತಾನೇ ಇಳಿಯಿತು. ಒಂದೊಂದು ಸುರುಳಿ 2 ಮೀಟರ್ ಅಗಲ, ಹಾಗಾಗಿ ನಡುವೆ ಒಂದು ಜೋಡಣೆ. ಎರಡೂ ತುಂಡಿನ ಎಳೆ ಒಂದೇ ದಿಕ್ಕಿಗೆ ಬಾಗಿರಬೇಕು, ಇಲ್ಲದಿದ್ದರೆ ಎರಡು ಬಣ್ಣದ ಹಾಗೆ ಕಾಣುತ್ತದೆ. ಕತ್ತರಿಸುವಾಗ ಮಗುಚಿ ಹಾಕಿ, ಹಿಂಬದಿಯ ಹೊಲಿಗೆ ಸಾಲಿನ ನಡುವೆ ಬ್ಲೇಡ್ ಎಳೆಯಬೇಕು. ಮೇಲಿಂದ ಕೊಯ್ದರೆ ಎಳೆಗಳೂ ತುಂಡಾಗುತ್ತವೆ. ಜೋಡಣೆಯ ಅಡಿಗೆ ಟೇಪ್, ಅದರ ಮೇಲೆ ಗಮ್. ಒತ್ತಿ ಹಿಡಿಯಲು ಭಾರ ಬೇಕಿತ್ತು. ಕಾಫಿ ಕುಯ್ಲು ಮುಗಿಯುತ್ತಾ ಬಂದಿದ್ದ ಸಮಯ, ಮನೆ ತುಂಬ ಚೀಲ. ಉದ್ದಕ್ಕೆ ಹಲಗೆ ಇಟ್ಟು, ಮೇಲೆ ಆರು ಕಾಫಿ ಚೀಲ ಸಾಲಾಗಿ ಮಲಗಿಸಿದೆವು. ಮಾರನೇ ದಿನ ಎತ್ತಿದಾಗ ಜೋಡಣೆ ಎಲ್ಲಿದೆ ಅಂತ ಕೈಯಲ್ಲಿ ತಡವಿ ಹುಡುಕಬೇಕಾಯಿತು. ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ಅನಿಸಿದ್ದು ಅದೊಂದೇ.

ನೆಲಕ್ಕೆ ಎಲ್ಲೂ ಗಮ್ ಹಾಕಲಿಲ್ಲ. ಮೂರು ಕಡೆ ಅಂಚಿಗೆ ಅಲ್ಯೂಮಿನಿಯಂ ಆಂಗಲ್ ಒತ್ತಿ ಸ್ಕ್ರೂ ಹೊಡೆದೆ. ಚರಂಡಿ ಕಡೆಯ ಅಂಚು ಬಿಡುವಾಗಿಯೇ ಇದೆ. ಅಲ್ಲಿಂದ ಪೈಪ್ ಬಿಟ್ಟು ಅಡಿಯನ್ನು ತೊಳೆಯಬಹುದು.

ಜೂಲಿ ಎರಡು ದಿನ ಮೂಸಿ ನೋಡಿ ವಾಪಸ್ ಹೋದಳು. ಮೂರನೇ ದಿನ ಅವಳು ಉಚ್ಚೆ ಹೊಯ್ದಿದ್ದ ಹಳೇ ಗೋಣಿಯನ್ನು ಹುಲ್ಲಿನ ಮೂಲೆಗೆ ಒರೆಸಿದೆ. ಅಷ್ಟೇ ಸಾಕಾಯಿತು.

ಒಂದು ವಿಷಯ ನಾನು ತಲೆಕೆಳಗಾಗಿ ಅಂದುಕೊಂಡಿದ್ದೆ. ವಾಸನೆ ಮಳೆಗಾಲದ ತೊಂದರೆ ಅಲ್ಲ. ನಮ್ಮ ಮಳೆ ದಿನವೂ ತೊಳೆದುಕೊಂಡು ಹೋಗುತ್ತದೆ. ಮೂಗು ಹಿಡಿಯೋ ಹಾಗಾಗೋದು ಮಾರ್ಚ್, ಏಪ್ರಿಲ್‌ನಲ್ಲಿ. ಉಚ್ಚೆಯಲ್ಲಿರೋ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದು ಅಮೋನಿಯಾ ಮಾಡುತ್ತದೆ, ತೊಳೆಯೋರು ಇಲ್ಲದಿದ್ದರೆ ಅದು ಅಲ್ಲೇ ಕೂರುತ್ತದೆ. ಬೇಸಿಗೆಯಲ್ಲಿ ದಿನಾ ಸಂಜೆ ಎರಡು ಬಕೆಟ್ ನೀರು, ವಾರಕ್ಕೊಮ್ಮೆ ನೀರು ಬೆರೆಸಿದ ವಿನೆಗರ್. ಬ್ಲೀಚಿಂಗ್ ಪೌಡರನ್ನು ಮಾತ್ರ ಉಚ್ಚೆ ಇರುವ ಜಾಗಕ್ಕೆ ಹಾಕಲೇಬೇಡಿ, ಅಮೋನಿಯಾ ಜೊತೆ ಸೇರಿದರೆ ವಿಷದ ಗಾಳಿ ಏಳುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಹುಲ್ಲು ಕಾದಿರುತ್ತದೆ. ನನ್ನ ಅಂಗೈ ಇಡಲು ಆಗದಿದ್ದರೆ ನೀರು ಚಿಮುಕಿಸಿಯೇ ನಾಯಿ ಬಿಡುತ್ತೇನೆ.

ಸೆಪ್ಟೆಂಬರ್‌ನಲ್ಲಿ, ನಮ್ಮ ಕೊಡಗಿನ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಚರಂಡಿ ಕಡೆಯ ಅಂಚು ಎತ್ತಿ ನೋಡಿದೆ. ಸೆಲ್ಲಿನ ಕಾಲಿಗೆ ಸ್ವಲ್ಪ ಪಾಚಿ, ಹಲಸಿನ ಎಲೆ ಎರಡು, ಒಂದೇ ಒಂದು ಜಿಗಣೆ. ಅಗಲದಲ್ಲಿ ಉಳಿದಿದ್ದ ಒಂದಡಿ ಪಟ್ಟಿಯನ್ನು ಕೊಟ್ಟಿಗೆಯಲ್ಲಿ ಸುತ್ತಿಟ್ಟಿದ್ದೆ. ಈಗ ಅದು ಅಲ್ಲಿಲ್ಲ. ಅತ್ತೆ ತುಂಡು ಮಾಡಿ ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಕಾಲಡಿಗೆ ಹಾಕಿಕೊಂಡಿದ್ದಾರೆ.