120 ಮಕ್ಕಳ ಕ್ಲಾಸಿಗೆ ಒಂದು ಬೆಣ್ಣೆ ದೋಸೆ

ದೊಡ್ಡ ಕ್ಲಾಸಿಗೆ ಪಾಠ ಮಾಡುವವರಿಗೆ ನನ್ನ ಕೆಲವು ಉಪಾಯ. ಮೊದಲು ಹಾಜರಿ. ದಾವಣಗೆರೆಯಲ್ಲಿ ನಾನು ಅರ್ಥಶಾಸ್ತ್ರ ಹೇಳುವ ಬಿ.ಕಾಂ. ಕ್ಲಾಸಿನಲ್ಲಿ 120 ಜನ. ಒಂದು ಹೆಸರಿಗೆ ನಾಲ್ಕು ಸೆಕೆಂಡ್ ಅಂತ ಹಿಡಿದರೂ ಎಂಟು ನಿಮಿಷ ಹೋಯಿತು, ಅಷ್ಟರಲ್ಲಿ ಲಾಸ್ಟ್ ಬೆಂಚಿನವರ ಮೊಬೈಲ್ ಹೊರಗೆ ಬಂದಿರುತ್ತದೆ. ಕೂಗುವುದು ಬಿಡಿ. ಸಾಲಿಗೊಂದು ಹಾಳೆ ಕೊಟ್ಟು ಸಹಿ ಮಾಡಿಸಿ, ತಲೆ ಎಣಿಸಿ, ಲೆಕ್ಕ ತಪ್ಪಿದ ಸಾಲಿನ ಹೆಸರು ಮಾತ್ರ ಕೂಗಿ.

ಇನ್ನು ಪಾಠ. ನಾವೆಲ್ಲ ಮಾಡುವ ತಪ್ಪು, ‘ಅರ್ಥ ಆಯ್ತಾ?’ ಅಂತ ಕೇಳುವುದು. ಮುಂದಿನ ಎರಡು ಬೆಂಚು ‘ಆಯ್ತು ಸಾರ್’ ಅನ್ನುತ್ತವೆ. ನಾನೂ ಎಷ್ಟೋ ವರ್ಷ ಇದನ್ನೇ ನಂಬಿಕೊಂಡು ಮುಂದೆ ಹೋಗುತ್ತಿದ್ದೆ, ಆಮೇಲೆ ಇಂಟರ್ನಲ್ಸ್ ಪೇಪರ್ ತಿದ್ದುವಾಗ ತಲೆ ಚಚ್ಚಿಕೊಳ್ಳುತ್ತಿದ್ದೆ.

ಅದರ ಬದಲು, ಗಂಟೆಗೆ ಎರಡೇ ಎರಡು ಒಳ್ಳೆ ಪ್ರಶ್ನೆ ತಯಾರು ಮಾಡಿಕೊಂಡು ಹೋಗಿ. ನನ್ನದೊಂದು ಹೀಗಿದೆ: ಬೆಣ್ಣೆ ರೇಟು ಏರಿತು, ಬೆಣ್ಣೆ ದೋಸೆಯ ಬೇಡಿಕೆ ರೇಖೆ (ಯಾವ ರೇಟಿಗೆ ಜನ ಎಷ್ಟು ಕೊಳ್ಳುತ್ತಾರೆ ಅಂತ ತೋರಿಸುವ ಗೆರೆ) ಏನಾಗುತ್ತದೆ? ಒಂದು, ಎಡಕ್ಕೆ ಸರಿಯುತ್ತದೆ. ಎರಡು, ಬಲಕ್ಕೆ ಸರಿಯುತ್ತದೆ. ಮೂರು, ಇದ್ದಲ್ಲೇ ಇರುತ್ತದೆ. ಯಾರೂ ಬಾಯಿ ಬಿಡುವಂತಿಲ್ಲ. ಒಂದು ನಿಮಿಷ ಯೋಚಿಸಿ, ಪಕ್ಕದವರಿಗೆ ಕಾಣದ ಹಾಗೆ ಎದೆಯ ಹತ್ತಿರ ಬೆರಳು ತೋರಿಸಬೇಕು.

ಬಹಳಷ್ಟು ಜನ ಒಂದು ಬೆರಳು ತೋರಿಸುತ್ತಾರೆ. ಸರಿ ಉತ್ತರ ಮೂರು. ಬೆಣ್ಣೆ ಅಂದರೆ ಹೋಟೆಲಿನವನ ಖರ್ಚು, ಹಾಗಾಗಿ ಎಡಕ್ಕೆ ಸರಿಯುವುದು ಪೂರೈಕೆ ರೇಖೆ, ಅಂದರೆ ಯಾವ ರೇಟಿಗೆ ಅವನು ಎಷ್ಟು ಮಾರುತ್ತಾನೆ ಅನ್ನುವ ಗೆರೆ. ದೋಸೆ ದುಬಾರಿಯಾಗುತ್ತದೆ, ಜನ ಕಮ್ಮಿ ತಿನ್ನುತ್ತಾರೆ, ಆದರೆ ಅದೇ ಬೇಡಿಕೆ ರೇಖೆಯ ಮೇಲೆ.

ಇದನ್ನು ತಕ್ಷಣ ಹೇಳಿಬಿಡಬೇಡಿ! ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ 1990ರ ದಶಕದಿಂದ ಮಾಡಿಕೊಂಡು ಬಂದದ್ದು ಇಷ್ಟೇ. ಸರಿ ಉತ್ತರ ಕೊಟ್ಟವರು ಶೇ 30ರಿಂದ 70ರೊಳಗೆ ಇದ್ದರೆ, ಬೇರೆ ಉತ್ತರ ಕೊಟ್ಟ ಪಕ್ಕದವರ ಜೊತೆ ವಾದ ಮಾಡಲು ಬಿಟ್ಟು, ಆಮೇಲೆ ಮತ್ತೆ ಬೆರಳು ಎತ್ತಿಸುವುದು. ಅದಕ್ಕಿಂತ ಕಮ್ಮಿ ಇದ್ದರೆ ನೀವೇ ಇನ್ನೊಮ್ಮೆ ಹೇಳಿ. ಜಾಸ್ತಿ ಇದ್ದರೆ ಮುಂದೆ ಹೋಗಿ.

ವಾದ ಕನ್ನಡದಲ್ಲೇ ಆಗಲಿ. ಪಿಯುಸಿವರೆಗೂ ಕನ್ನಡದಲ್ಲೇ ಓದಿ, ಬೆಳಗ್ಗೆ ಜಗಳೂರಿಂದಲೋ ಚನ್ನಗಿರಿಯಿಂದಲೋ ಬಸ್ಸಲ್ಲಿ ನಿಂತುಕೊಂಡೇ ಬಂದ ಹುಡುಗಿ, ಇಂಗ್ಲಿಷ್ ಅಂದ ಕೂಡಲೇ ಸುಮ್ನೆ ಕೂತುಬಿಡುತ್ತಾಳೆ. ಅವಳಿಗೆ ಉತ್ತರ ಗೊತ್ತಿರುತ್ತದೆ ಕಣ್ರೀ. ಇಂಗ್ಲಿಷ್ ಪದಗಳನ್ನು ಆಮೇಲೆ ಬೋರ್ಡಿನ ಮೇಲೆ ಬರೆದರಾಯಿತು.

ಗದ್ದಲ ಆಗುತ್ತದೆ. ಪಕ್ಕದ ಕ್ಲಾಸಿನವರು ಇಣುಕುತ್ತಾರೆ, ಇಣುಕಲಿ. ನಿಲ್ಲಿಸಬೇಕಾದಾಗ ಗಂಟಲು ಹರಿದುಕೊಳ್ಳುವುದು ಬೇಡ, ಫ್ಯಾನ್ ಆಫ್ ಮಾಡಿ ನೋಡಿ, ಎಲ್ಲರೂ ತಲೆ ಎತ್ತುತ್ತಾರೆ. (ಏಪ್ರಿಲ್‌ನಲ್ಲಿ ನಾನು ಮಾಡಲ್ಲ, ಪಾಪ.)

‘ಹಿಂಗಾದರೆ ಸಿಲಬಸ್ ಮುಗಿಯುತ್ತಾ?’ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಪೂರ್ತಿ ಮುಗಿಯುವುದಿಲ್ಲ. ಸೆಮಿಸ್ಟರಿಗೆ ಎರಡು ಸುಲಭದ ಟಾಪಿಕ್ ತೆಗೆದು, ಓದಿಕೊಂಡು ಬನ್ನಿ ಅಂತ ನೋಟ್ಸ್ ಕೊಡುತ್ತೇನೆ. 2014ರಲ್ಲಿ ಕೆಲವು ಸಂಶೋಧಕರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಕ್ಲಾಸುಗಳ ಮೇಲೆ ನಡೆದ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಬರೀ ಲೆಕ್ಚರ್ ಕೇಳಿದ ಕಡೆ ಸುಮಾರು ಶೇ 34 ಜನ ಫೇಲ್, ಮಕ್ಕಳೂ ತಲೆ ಓಡಿಸುವಂಥ ಕ್ಲಾಸುಗಳಲ್ಲಿ ಶೇ 22. ನಮ್ಮ ವಿಷಯ ಬೇರೆ, ಒಪ್ಪುತ್ತೇನೆ. ಆದರೂ ಎರಡು ಟಾಪಿಕ್ ಬಿಡುವ ಧೈರ್ಯ ನನಗೆ ಬಂದದ್ದು ಅದರಿಂದಲೇ.

ಕೊನೆಯ ಮೂರು ನಿಮಿಷ ಚೀಟಿಗೆ. ಇವತ್ತು ಅರ್ಥವಾಗದ ಒಂದು ವಿಷಯ, ಹೆಸರು ಬರೆಯುವ ಹಾಗಿಲ್ಲ. ಎಲ್ಲವನ್ನೂ ಓದಲು ಹೋಗಬೇಡಿ, ಟೀ ಕುಡಿಯುತ್ತಾ ಮೂವತ್ತು ನೋಡಿದರೆ ಸಾಕು. ಹೋದ ತಿಂಗಳು ಒಂದರಲ್ಲಿ ಹೀಗಿತ್ತು: ‘ಸಾರ್, ಮಂಡಕ್ಕಿ ರೇಟು ಏರಿದರೆ ಮಿರ್ಚಿ ಕಥೆ ಏನು?’ ಮರುದಿನದ ಪ್ರಶ್ನೆ ಪುಕ್ಕಟೆ ಸಿಕ್ಕಿತು. ಎರಡನ್ನೂ ಜೊತೆಗೇ ತಿನ್ನುವವರು ನಾವು, ಅಲ್ವಾ? ಮಂಡಕ್ಕಿ ಕಮ್ಮಿ ತಿಂದರೆ ಮಿರ್ಚಿಯೂ ಕಮ್ಮಿ, ಹಾಗಾಗಿ ಈ ಸಲ ಮಿರ್ಚಿಯ ಬೇಡಿಕೆ ರೇಖೆಯೇ ಎಡಕ್ಕೆ ಸರಿಯುತ್ತದೆ. ಹಿಂದಿನ ದಿನದ ಉತ್ತರ ಬಾಯಿಪಾಠ ಮಾಡಿಕೊಂಡು ಬಂದವರೆಲ್ಲ ಮೂರು ಬೆರಳು ತೋರಿಸಿದರು.