ಸವಾಲಿನ ಕಡತ, ಜವಾಬಿನ ಕಡತ: ಹಾಡಿನ ಟ್ಯಾಗ್‌ಗಳನ್ನು ನಾನು ಕಾಯುವ ರೀತಿ

ಹರದೇಶಿ ಹಾಡು ಒಂಟಿಯಾಗಿ ನಿಲ್ಲುವುದಿಲ್ಲ. ಅದರ ಎದುರಿಗೆ ಒಂದು ನಾಗೇಶಿ ಹಾಡು ಇದ್ದೇ ಇರುತ್ತದೆ. ಒಂದು ಮೇಳ ದಪ್ಪು ಬಾರಿಸಿ ಶಿವ ಹೆಚ್ಚು, ಗಂಡು ಹೆಚ್ಚು ಎಂದು ಸವಾಲು ಹಾಕಿದರೆ ಇನ್ನೊಂದು ಮೇಳ ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎಂದು ಜವಾಬು ಕೊಡುತ್ತದೆ. ಇಂಥ ಹಾಡುಗಳ ಹಳೆಯ ಕ್ಯಾಸೆಟ್‌ಗಳನ್ನು ವಿಜಯಪುರ, ಇಂಡಿ, ಜಮಖಂಡಿ, ಅಥಣಿ ಕಡೆಯ ಮನೆಗಳಿಂದ ಇಸಿದುಕೊಂಡು ಬಂದು, ಕಂಪ್ಯೂಟರಿಗೆ ಇಳಿಸಿ ಜೋಡಿಸಿಡುತ್ತ ಬಂದಿದ್ದೇನೆ. ಧ್ವನಿ ಇಳಿಸುವುದಕ್ಕೆ ಒಳ್ಳೆಯ ಡೆಕ್ಕು, ಸ್ವಚ್ಛವಾದ ಹೆಡ್ಡು, ಸಮಾಧಾನ ಇದ್ದರೆ ಸಾಕು. ಯಾವ ಸವಾಲಿಗೆ ಯಾವ ಜವಾಬು, ಯಾರ ಅಂಕಿತ, ಯಾವ ಊರಿನ ಜಾತ್ರೆ ಎಂಬುದನ್ನು ಕಡತದೊಳಗೇ ಟ್ಯಾಗ್ ಎಂಬ ವಿವರದ ಸಾಲುಗಳಾಗಿ ಬರೆದು ಅದು ಅಳಿಯದಂತೆ ನೋಡಿಕೊಳ್ಳುವುದಕ್ಕೆ ಮಾತ್ರ ಹೆಚ್ಚಿನ ಎಚ್ಚರ ಬೇಕು. ಈ ಬರಹ ಆ ಎಚ್ಚರದ ಬಗ್ಗೆ.

ಹಾಡು ಜೋಡಿಸಿಡುವ ಯಾವ ತಂತ್ರಾಂಶ ತೆರೆದರೂ ಅದು ಕೇಳುವುದು ಅವೇ ನಾಲ್ಕೈದು ವಿವರ: ಹಾಡಿನ ಹೆಸರು, ಹಾಡಿದವರು, ಆಲ್ಬಂ, ವರ್ಷ, ಪ್ರಕಾರ. ಸಿನಿಮಾ ಹಾಡಿಗೆ ಇದು ಸಾಕು. ನಮ್ಮ ಹಾಡಿಗೆ ಹೆಸರೇ ಇರುವುದಿಲ್ಲ. ಪಲ್ಲವಿಯ ಮೊದಲ ಸಾಲೇ ಹೆಸರು. ಹಾಡಿದವರು ಒಬ್ಬರಾದರೆ ಕಟ್ಟಿದ ಕವಿ ಮತ್ತೊಬ್ಬ, ಅದೂ ಎಷ್ಟೋ ಹಿಂದಿನವನು. ನನಗೆ ಇದನ್ನು ತಿಳಿಸಿಕೊಟ್ಟವರು ಇಂಡಿ ಕಡೆಯ ಒಬ್ಬ ಹಿರಿಯ ಹಾಡುಗಾರರು. "ತಮ್ಮಾ, ಹಾಡ ಯಾರದಂತ ತಿಳೀಬೇಕಂದ್ರ ಕಡೀ ನುಡಿ ತನಕ ಕೇಳು. ಕವಿ ತನ್ನ ಊರು, ಗುರು, ಹೆಸರು ಎಲ್ಲಾ ಅಲ್ಲೇ ಇಟ್ಟಿರ್ತಾನ" ಅಂದರು. ಅಂದಿನಿಂದ ಪ್ರತಿ ಹಾಡಿನ ಕೊನೆಯ ನುಡಿ ಕೇಳಿ ಬರೆದುಕೊಂಡ ಮೇಲೆಯೇ ಟ್ಯಾಗ್ ಹಾಕುತ್ತೇನೆ.

ಹಾಗಾಗಿ ನಾನೇ ಕೆಲವು ಟ್ಯಾಗ್‌ಗಳನ್ನು ಮಾಡಿಕೊಂಡೆ: ಅಂಕಿತ, ಮಟ್ಟು (ಹಾಡಿನ ಧಾಟಿ), ಮೇಳ, ಪಕ್ಷ, ಜೋಡಿ, ಊರು, ಸಂದರ್ಭ, ಕ್ಯಾಸೆಟ್, ಬದಿ, ಸಂಶಯ. ಇವುಗಳಲ್ಲಿ ಜೀವಾಳ ಎಂದರೆ ಜೋಡಿ. ಸವಾಲಿನ ಕಡತಕ್ಕೂ ಜವಾಬಿನ ಕಡತಕ್ಕೂ ಒಂದೇ ಜೋಡಿ ಸಂಖ್ಯೆ ಕೊಡುತ್ತೇನೆ. ಯಾವುದು ಹರದೇಶಿ, ಯಾವುದು ನಾಗೇಶಿ ಎಂಬುದನ್ನು ಪಕ್ಷ ಹೇಳುತ್ತದೆ. ಕ್ಯಾಸೆಟ್‌ನಲ್ಲಿ ಎರಡೂ ಒಂದರ ಹಿಂದೊಂದು ಇರುತ್ತವೆಂಬ ಭರವಸೆ ಇಲ್ಲ. ಸವಾಲು ಒಂದು ಮನೆಯ ಕ್ಯಾಸೆಟ್‌ನಲ್ಲಿ, ಜವಾಬು ಬೇರೊಂದು ಊರಿನ ಕ್ಯಾಸೆಟ್‌ನಲ್ಲಿ ಸಿಕ್ಕದ್ದುಂಟು. ಜೋಡಿ ಟ್ಯಾಗ್ ಅಳಿದರೆ ಹಾಡು ಉಳಿದೂ ವಾದ ಸತ್ತಂತೆ.

ಈ ವಿವರ ಎಲ್ಲಿ ಕೂರುತ್ತದೆ ಎಂಬುದು ಮುಖ್ಯ. ಕೆಲವು ಪ್ಲೇಯರ್‌ಗಳು ನಾವು ಬರೆದದ್ದನ್ನು ತಮ್ಮದೇ ಡೇಟಾಬೇಸಿನಲ್ಲಿ ಇಟ್ಟುಕೊಳ್ಳುತ್ತವೆ, ಕಡತಕ್ಕೆ ಬರೆಯುವುದಿಲ್ಲ. ಕಂಪ್ಯೂಟರ್ ಬದಲಾದ ದಿನ ಆ ವಿವರ ಹಿಂದೆಯೇ ಉಳಿಯುತ್ತದೆ. ಆದ್ದರಿಂದ ಕಡತದೊಳಗೆ ಬರೆಯದ ಯಾವ ತಂತ್ರಾಂಶದಲ್ಲೂ ನಾನು ಒಂದಕ್ಷರ ಟೈಪು ಮಾಡುವುದಿಲ್ಲ.

ಮೂಲಪ್ರತಿಗೆ ನಾನು ಆರಿಸಿಕೊಂಡದ್ದು ಫ್ಲ್ಯಾಕ್ ಎಂಬ ಧ್ವನಿ ಕಡತದ ಬಗೆ. ಧ್ವನಿಯಲ್ಲಿ ಏನೂ ಕಳೆಯದೆ ಗಾತ್ರ ಕಡಿಮೆ ಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡ ಕಾರಣ ಅದರ ಟ್ಯಾಗ್ ಪದ್ಧತಿ. ಫ್ಲ್ಯಾಕ್ ಬಳಸುವ ವೋರ್ಬಿಸ್ ಕಮೆಂಟ್‌ನಲ್ಲಿ ಹೆಸರು, ಸಮ ಚಿಹ್ನೆ, ವಿವರ, ಇಷ್ಟೇ. ಯಾವ ಹೆಸರನ್ನು ಬೇಕಾದರೂ ಇಡಬಹುದು, ಒಂದೇ ಹೆಸರನ್ನು ಎರಡು ಮೂರು ಸಲ ಬರೆಯಬಹುದು. ಇಬ್ಬರು ಹಿಮ್ಮೇಳದವರಿದ್ದರೆ ಎರಡು ಸಾಲು, ಅಷ್ಟೇ. ವಿವರ ಯುಟಿಎಫ್-8 ಎಂಬ, ಎಲ್ಲ ಭಾಷೆಯ ಅಕ್ಷರಕ್ಕೂ ಒಗ್ಗುವ ಸಂಕೇತ ಪದ್ಧತಿಯಲ್ಲಿ ಇರುವುದರಿಂದ ಕನ್ನಡ ನಿರಾತಂಕವಾಗಿ ಕೂರುತ್ತದೆ. ಒಂದೇ ಕಟ್ಟುಪಾಡು, ಟ್ಯಾಗಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಅಂಕಿತ ಎಂಬುದನ್ನು ಎ ಎನ್ ಕೆ ಐ ಟಿ ಎ ಎಂದು ಬರೆಯುತ್ತೇನೆ, ಅದರ ಮುಂದಿನ ವಿವರ ಕನ್ನಡದಲ್ಲಿ. ಹೆಸರುಗಳ ಕಾಗುಣಿತವನ್ನು ಮೊದಲೇ ನಿಗದಿ ಮಾಡಿ ಗೋಡೆಗೆ ಅಂಟಿಸಿದ್ದೇನೆ. ಊರು ಎಂಬುದನ್ನು ಒಮ್ಮೆ ಎರಡು 'ಓ' ಹಾಕಿ, ಇನ್ನೊಮ್ಮೆ 'ಯು' ಹಾಕಿ ಬರೆದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ ಟ್ಯಾಗ್‌ಗಳು.

ಎಂಪಿ3ಯಲ್ಲಿ ಇದೇ ಕೆಲಸ ಬೇರೆ ರೀತಿ ನಡೆಯುತ್ತದೆ. ಅಲ್ಲಿನ ಐಡಿ3 ಪದ್ಧತಿಯಲ್ಲಿ ನಮ್ಮ ಸ್ವಂತ ಟ್ಯಾಗ್‌ಗಳಿಗೆಂದೇ ಟಿಎಕ್ಸ್ಎಕ್ಸ್ಎಕ್ಸ್ ಎಂಬ ಚೌಕಟ್ಟು ಇದೆ. ಅದರಲ್ಲಿ ಹೆಸರೂ ಇರುತ್ತದೆ, ವಿವರವೂ ಇರುತ್ತದೆ. ಹಲವು ಪ್ಲೇಯರ್‌ಗಳು ಅದನ್ನು ತೋರಿಸುವುದೇ ಇಲ್ಲ. ಕಾಣಲಿಲ್ಲ ಎಂದಮಾತ್ರಕ್ಕೆ ಅಳಿದಿದೆ ಎಂದಲ್ಲ. ಎಂಪಿ3ಟ್ಯಾಗ್ ಎಂಬ ಟ್ಯಾಗ್ ತಿದ್ದುವ ತಂತ್ರಾಂಶದಲ್ಲಿ ಎಕ್ಸ್‌ಟೆಂಡೆಡ್ ಟ್ಯಾಗ್ಸ್ ಕಿಟಕಿ ತೆರೆದು ನೋಡಿದರೆ ಅಂಥ ಸ್ವಂತ ಟ್ಯಾಗ್‌ಗಳೂ ಕಾಣುತ್ತವೆ. ಬರೆಯುವಾಗ ಆವೃತ್ತಿಯನ್ನೂ ಗಮನಿಸಬೇಕು. ಐಡಿ3ಯ 2.3 ಆವೃತ್ತಿಯಲ್ಲಿ ಕನ್ನಡ ಬರೆಯಲು ಯುಟಿಎಫ್-16 ಎಂಬ ಇನ್ನೊಂದು ಸಂಕೇತ ಪದ್ಧತಿ ಬೇಕು. ಯುಟಿಎಫ್-8 ಬಂದದ್ದು 2.4ರಲ್ಲಿ. ಹಳೆಯ ಕಾರುಗಳ, ಟ್ರ್ಯಾಕ್ಟರ್‌ಗಳ ಪ್ಲೇಯರ್‌ಗೆ ಹೋಗುವ ಪ್ರತಿಗಳನ್ನು 2.3ರಲ್ಲೇ ಕೊಡುತ್ತೇನೆ. ಇನ್ನೂ ಹಳೆಯ ಮೊದಲನೇ ಆವೃತ್ತಿಯಂತೂ ಕಡತದ ಕೊನೆಯಲ್ಲಿ ಕೂರುವ 128 ಬೈಟಿನ ತುಣುಕು, ಹಾಡಿನ ಹೆಸರಿಗೆ ಅಲ್ಲಿ ಸಿಗುವುದು 30 ಬೈಟು. ನಮ್ಮ ಪಲ್ಲವಿ ಅದರಲ್ಲಿ ಹಿಡಿಯುವ ಮಾತೇ ಇಲ್ಲ, ಅದನ್ನು ಬರೆಯುವ ಆಯ್ಕೆಯನ್ನು ಆಫ್ ಮಾಡಿಟ್ಟಿದ್ದೇನೆ.

ಒಂದು ಸಣ್ಣ ಗೆರೆಯೂ ತೊಂದರೆ ಕೊಡುತ್ತದೆ. 2.3ರಲ್ಲಿ ಹಾಡಿದವರ ಹೆಸರುಗಳನ್ನು ಬೇರ್ಪಡಿಸಲು ಓರೆಗೆರೆ ಬಳಸುವ ರೂಢಿ. 'ಹರದೇಶಿ/ನಾಗೇಶಿ' ಎಂದು ಓರೆಗೆರೆ ಹಾಕಿ ಬರೆದರೆ ಕೆಲವು ಪ್ಲೇಯರ್‌ಗಳು ಅದನ್ನು ಇಬ್ಬರು ಹಾಡುಗಾರರೆಂದು ಬಗೆದು ಒಡೆಯುತ್ತವೆ. ಅಡ್ಡಗೆರೆ ಹಾಕಿದರೆ ಈ ಕಾಟವಿಲ್ಲ.

ಟ್ಯಾಗ್ ಅಳಿಯುವುದು ಸಾಮಾನ್ಯವಾಗಿ ಮೂರು ಜಾಗಗಳಲ್ಲಿ, ಅದರಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅಂತರ್ಜಾಲದಿಂದ ವಿವರ ತಂದು ತುಂಬುವ ತಂತ್ರಾಂಶಗಳು. ನಮ್ಮ ಮೇಳಗಳ ಹಾಡು ಆ ದೊಡ್ಡ ಪಟ್ಟಿಗಳಲ್ಲಿ ಇರುವುದು ಅಪರೂಪ. ಹೆಸರಿನ ಒಂದೆರಡು ಪದ ಹೊಂದಿದರೆ ಯಾವುದೋ ಭಕ್ತಿಗೀತೆಯ ವಿವರ ತಂದು ನಮ್ಮ ಕಡತಕ್ಕೆ ಸುರಿಯುವ ಸಾಧ್ಯತೆ ಇರುತ್ತದೆ. ಅಂಥದೇ ಒಂದು ತಂತ್ರಾಂಶವಾದ ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್‌ನಲ್ಲಿ ಹಳೆಯ ಟ್ಯಾಗ್‌ಗಳನ್ನು ತೆರವು ಮಾಡುವ ಒಂದು ಆಯ್ಕೆ ಇದೆ. ಅದರ ಜೊತೆಗೇ ಇಂತಿಂಥ ಟ್ಯಾಗ್‌ಗಳನ್ನು ಮುಟ್ಟಬೇಡ ಎಂದು ಪಟ್ಟಿ ಕೊಡುವ ಜಾಗವೂ ಇದೆ. ಮೊದಲನೆಯದನ್ನು ಆಫ್ ಮಾಡಿ, ಎರಡನೆಯದರಲ್ಲಿ ನನ್ನ ಎಲ್ಲ ಟ್ಯಾಗ್‌ಗಳ ಹೆಸರುಗಳನ್ನು ಬರೆದ ಮೇಲೆಯೇ ಅದನ್ನು ಬಳಸುತ್ತೇನೆ. ಅದೂ ಮಾರಾಟಕ್ಕೆ ಬಂದ ಸಿನಿಮಾ, ಭಾವಗೀತೆ ಆಲ್ಬಂಗಳಿಗೆ ಮಾತ್ರ. ಮೇಳದ ಹಾಡುಗಳ ಫೋಲ್ಡರನ್ನು ಅದಕ್ಕೆ ತೋರಿಸುವುದೇ ಇಲ್ಲ. ಹಾಡು ಕೇಳಿ ಅಂಕಿತ ಗುರುತಿಸಬಲ್ಲವರು ನಮ್ಮ ಊರುಗಳಲ್ಲಿದ್ದಾರೆ, ವಿವರ ಅವರಿಂದಲೇ ಬರಬೇಕು.

ಎರಡನೆಯದು ಧ್ವನಿ ಕತ್ತರಿಸುವ ತಂತ್ರಾಂಶ. ಕ್ಯಾಸೆಟ್‌ನ ಒಂದು ಬದಿಯನ್ನು ಇಡಿಯಾಗಿ ಇಳಿಸಿ, ಆಮೇಲೆ ಹಾಡು ಹಾಡಾಗಿ ಕತ್ತರಿಸಿ ಹೊರತೆಗೆಯುವಾಗ ಸ್ವಂತ ಟ್ಯಾಗ್ ಉಳಿಯುತ್ತದೋ ಇಲ್ಲವೋ ಎಂಬುದು ತಂತ್ರಾಂಶಕ್ಕೆ, ಕಡತದ ಬಗೆಗೆ ತಕ್ಕಂತೆ ಬದಲಾಗುತ್ತದೆ. ಅದನ್ನು ನಂಬಿ ಕೂರುವ ಅಗತ್ಯವೇ ಬರದಂತೆ ಕೆಲಸದ ಕ್ರಮ ಇಟ್ಟುಕೊಂಡಿದ್ದೇನೆ: ಮೊದಲು ಕತ್ತರಿಸುವುದು, ಆಮೇಲೆ ಫ್ಲ್ಯಾಕ್ ಮಾಡುವುದು, ಎಲ್ಲ ಮುಗಿದ ಮೇಲೆ ಟ್ಯಾಗ್. ಮೂರನೆಯದು ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸುವುದು. ಎಫ್ಎಫ್ಎಂಪೆಗ್ ಎಂಬ ತಂತ್ರಾಂಶ ಫ್ಲ್ಯಾಕ್‌ನಿಂದ ಎಂಪಿ3 ಮಾಡುವಾಗ ಗುರುತಿಲ್ಲದ ಹೆಸರುಗಳನ್ನು ಟಿಎಕ್ಸ್ಎಕ್ಸ್ಎಕ್ಸ್‌ಗೆ ಸಾಗಿಸುತ್ತದೆ, ಹಾಗಾಗಿ ಅದನ್ನೇ ಬಳಸುತ್ತೇನೆ. ಹೊಸ ತಂತ್ರಾಂಶ ಯಾವುದೇ ಬರಲಿ, ಮೊದಲು ಒಂದು ಪರೀಕ್ಷೆಯ ಕಡತ ಅದರ ಬಾಯಿಗೆ ಹೋಗುತ್ತದೆ. ಆ ಕಡತದಲ್ಲಿ ನನ್ನ ಎಲ್ಲ ಟ್ಯಾಗ್‌ಗಳೂ ಇವೆ. ಉದ್ದನೆಯ ನುಡಿ, ಒತ್ತಕ್ಷರ, ಎರಡು ಸಲ ಬಂದ ಹಿಮ್ಮೇಳ ಎಲ್ಲವೂ ಇವೆ. ತಂತ್ರಾಂಶದಿಂದ ಹೊರಬಂದ ಮೇಲೆ ಟ್ಯಾಗ್‌ಗಳನ್ನು ಪಠ್ಯವಾಗಿ ತೆಗೆದು ಮೊದಲಿನದರ ಪಕ್ಕ ಇಟ್ಟು ನೋಡುತ್ತೇನೆ. ಒಂದು ಸಾಲು ಕಮ್ಮಿಯಾದರೂ ಆ ತಂತ್ರಾಂಶಕ್ಕೆ ನನ್ನ ಭಂಡಾರದಲ್ಲಿ ಕೇಳಿಸುವ ಕೆಲಸ ಮಾತ್ರ, ಬರೆಯುವ ಅಧಿಕಾರವಿಲ್ಲ. ಮೂಲಪ್ರತಿಗಳ ಫೋಲ್ಡರನ್ನು ಓದಲು ಮಾತ್ರ ಬರುವಂತೆ ಬೀಗ ಹಾಕಿಟ್ಟಿದ್ದೇನೆ.

ಈಗ ಊರಿನ ವಿಚಾರ, ಇದಕ್ಕೆ ಸ್ವಲ್ಪ ಹೊತ್ತು ಬೇಕು. ಹಳೆಯ ಕ್ಯಾಸೆಟ್ ಚೀಟಿಯ ಮೇಲೆ 'ಜಿಲ್ಲಾ ಬಿಜಾಪುರ' ಎಂದಿರುತ್ತದೆ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಂದರೆ ಅದಕ್ಕೂ ಮುಂಚಿನ ಚೀಟಿಯಲ್ಲಿ ಬಿಜಾಪುರ ಜಿಲ್ಲೆ ಎಂದಿರುವ ಮುಧೋಳ, ಹುನಗುಂದ ಕಡೆಯ ಹಳ್ಳಿ ಇಂದು ಬಾಗಲಕೋಟೆಯದು. 2014ರ ನವೆಂಬರ್ 1ರಿಂದ ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಎಂದು ಬರೆಯುತ್ತಿದ್ದದ್ದು ಬೆಳಗಾವಿಯಾಯಿತು. ಇಷ್ಟೇ ಆಗಿದ್ದರೆ ಹುಡುಕಿ ಬದಲಿಸಿಬಿಡಬಹುದಿತ್ತು. ಆದರೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಕೃಷ್ಣೆಯ ದಂಡೆಯ ಎಷ್ಟೋ ಊರುಗಳು ಮುಳುಗಿದವು, ಬಾಗಲಕೋಟೆಯ ಹಳೆಯ ಊರಿನ ಭಾಗವೂ ಹೋಗಿ ನವನಗರ ಎದ್ದಿತು. ಮುಳುಗಡೆಯಾದ ಊರಿನ ಗುಡಿಯ ಮುಂದೆ ನಡೆದ ಹಾಡಿಕೆಯ ಕಡತಕ್ಕೆ ಇಂದಿನ ಪುನರ್ವಸತಿ ಕೇಂದ್ರದ ಹೆಸರು ಹಾಕುವುದು ಸರಿಯಲ್ಲ. ಆ ಹಾಡು ಹುಟ್ಟಿದ ಕಟ್ಟೆ ಈಗ ನೀರಿನಡಿ ಇದೆ ಎಂಬುದೂ ದಾಖಲೆಯ ಭಾಗವೇ. ಹಾಗಾಗಿ ಊರಿಗೆ ಎರಡು ಟ್ಯಾಗ್ ಮಾಡಿದೆ. ಚೀಟಿಯಲ್ಲಿ ಹೇಗಿದೆಯೋ ಹಾಗೇ, ತಪ್ಪು ಕಾಗುಣಿತದ ಸಮೇತ, ಒಂದರಲ್ಲಿ. ಇಂದಿನ ಹೆಸರು, ತಾಲೂಕು, ಜಿಲ್ಲೆ ಇನ್ನೊಂದರಲ್ಲಿ. ಮುಳುಗಡೆಯಾಗಿದ್ದರೆ ಆ ಮಾತನ್ನೂ ಬರೆಯುತ್ತೇನೆ. ಹಳೆಯ ಊರಿನವರು ಮಕ್ಕಳಿಗೆ ಹಾಡು ಕೇಳಿಸಲು ಬಂದಾಗ ಹುಡುಕುವುದು ಹಳೆಯ ಹೆಸರನ್ನೇ.

ಕನ್ನಡ ಅಕ್ಷರದ್ದೂ ಒಂದು ಗುಟ್ಟಿದೆ. ಹಳೆಯ ಪಟ್ಟಿಗಳು ಬಹಳಷ್ಟು 'ನುಡಿ' ಎಂಬ ಕನ್ನಡ ತಂತ್ರಾಂಶದ, ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪಾಗಿದ್ದವು. ಅವನ್ನು ಹಾಗೇ ನಕಲು ಮಾಡಿ ಟ್ಯಾಗ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಾರೆ ತಿದ್ದಿ, ಆಮೇಲೆ ಟ್ಯಾಗ್‌ಗೆ ಹಾಕಬೇಕು. ಯುನಿಕೋಡ್‌ನಲ್ಲೂ 'ಗೋಳಗುಮ್ಮಟ'ದ ಮೊದಲ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಬಿಡಿ ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ತೆರ ಕಾಣುತ್ತವೆ, ಹುಡುಕುವಾಗ ಒಂದು ಸಿಗುತ್ತದೆ ಇನ್ನೊಂದು ಸಿಗದೇ ಹೋಗಬಹುದು. ಎಲ್ಲವನ್ನೂ ಎನ್ಎಫ್‌ಸಿ ಎಂಬ ಒಂದೇ ರೂಪಕ್ಕೆ ತರುವ ಸಣ್ಣ ಸ್ಕ್ರಿಪ್ಟನ್ನು ಟ್ಯಾಗ್ ಬರೆಯುವ ಮುಂಚೆ ಓಡಿಸುತ್ತೇನೆ. ಕನ್ನಡದಲ್ಲಿ ಭಂಡಾರ ಮಾಡುವ ಎಲ್ಲರೂ ಇದನ್ನು ಮೊದಲ ದಿನವೇ ಮಾಡಬೇಕು ಎಂದು ಒತ್ತಿ ಹೇಳುತ್ತೇನೆ.

ಇಷ್ಟಾದ ಮೇಲೂ ಟ್ಯಾಗ್‌ಗಳ ಒಂದು ಪ್ರತಿ ಕಡತದ ಹೊರಗೆ ಇರಲೇಬೇಕು. ಮೆಟಾಫ್ಲ್ಯಾಕ್ ಎಂಬ ಸಲಕರಣೆ ಫ್ಲ್ಯಾಕ್‌ನ ಟ್ಯಾಗ್‌ಗಳನ್ನೆಲ್ಲ ಸಾದಾ ಪಠ್ಯ ಕಡತಕ್ಕೆ ಇಳಿಸುತ್ತದೆ, ಬೇಕಾದಾಗ ಅದೇ ಪಠ್ಯದಿಂದ ಮರಳಿ ತುಂಬುತ್ತದೆ. ಹಾಡಿನ ಪಕ್ಕದಲ್ಲೇ ಅದೇ ಹೆಸರಿನ ಪಠ್ಯ ಕಡತ ಇಡುತ್ತೇನೆ. ಫ್ಲ್ಯಾಕ್‌ನಲ್ಲಿ ಧ್ವನಿಯಿಂದಲೇ ಲೆಕ್ಕ ಹಾಕಿದ ಎಂಡಿ5 ಎಂಬ ಗುರುತು ಸಂಖ್ಯೆ ಒಳಗೇ ಇರುತ್ತದೆ, ಟ್ಯಾಗ್ ತಿದ್ದಿದರೆ ಅದು ಬದಲಾಗುವುದಿಲ್ಲ. ಆದ್ದರಿಂದ ಆ ಗುರುತನ್ನೂ ಪಠ್ಯದಲ್ಲಿ ಬರೆದಿಟ್ಟರೆ, ಕಡತದ ಹೆಸರು ಬದಲಾಗಿ ಹೋದರೂ ಯಾವ ಟ್ಯಾಗ್ ಯಾವ ಹಾಡಿನದು ಎಂದು ಹುಡುಕಿ ಸೇರಿಸಬಹುದು.

ಕೊಟ್ಟ ಪ್ರತಿಗಳು ತಿರುಗಿ ಬರುವುದೂ ಉಂಟು. ಮೇಳದವರು ಪೆನ್‌ಡ್ರೈವ್‌ನಲ್ಲಿ ಒಯ್ದು, ಕೇಳಿ, "ಇದು ನಮ್ಮ ಗುರುಗಳ ಹಾಡ ಅಲ್ರಿ, ಕಡೀ ನುಡಿ ಬ್ಯಾರೆ ಐತಿ" ಎಂದು ಹೇಳಿ ಕಳಿಸುತ್ತಾರೆ. ಆ ತಿದ್ದುಪಡಿಯನ್ನು ಎಂಪಿ3ಗೆ ಹಾಕುವುದಿಲ್ಲ. ಮೂಲ ಫ್ಲ್ಯಾಕ್‌ನಲ್ಲಿ ತಿದ್ದಿ, ಹೇಳಿದವರ ಊರನ್ನೂ ಬರೆದು, ಹೊಸ ಎಂಪಿ3 ಮಾಡಿ ಕೊಡುತ್ತೇನೆ. ಇಬ್ಬರು ಹಿರಿಯರು ಬೇರೆ ಬೇರೆ ಕವಿಯ ಹೆಸರು ಹೇಳಿದರೆ ಎರಡನ್ನೂ ಸಂಶಯ ಟ್ಯಾಗ್‌ನಲ್ಲಿ ಇಡುತ್ತೇನೆ, ಅಂಕಿತದ ಜಾಗ ಖಾಲಿ ಇರಲಿ.

ಜೋಡಿ ಸಂಖ್ಯೆ ಒಂದೇ ಸಲ ಬಂದಿರುವ ಹಾಡುಗಳನ್ನು ಆ ಪಠ್ಯ ಕಡತಗಳಿಂದ ಸುಲಭವಾಗಿ ಹೆಕ್ಕಬಹುದು. ಜವಾಬು ಸಿಗದ ಸವಾಲುಗಳ ಪಟ್ಟಿ ಅದು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂದಾಗ ಅದನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಒಯ್ಯುತ್ತೇನೆ. ಹಾಡುಗಾರರು ಯಾರಾದರೂ ಸಿಕ್ಕರೆ ಪಲ್ಲವಿ ಓದಿ ಹೇಳುತ್ತೇನೆ, ಗೊತ್ತಿದ್ದವರು ಅಲ್ಲೇ ಜವಾಬಿನ ಮೊದಲ ಸಾಲು ಹೇಳುತ್ತಾರೆ, ಕ್ಯಾಸೆಟ್ ಯಾರ ಮನೆಯಲ್ಲಿರಬಹುದು ಎಂದೂ ಹೇಳುತ್ತಾರೆ. ಅದನ್ನು ಪಟ್ಟಿಯ ಅಂಚಿನಲ್ಲಿ ಬರೆದುಕೊಂಡು, ಮುಂದಿನ ಭಾನುವಾರ ಆ ಊರಿನ ಬಸ್ಸು ಹತ್ತುತ್ತೇನೆ.