ಮಾರುಕಟ್ಟೆ ಕೆಡವುವ ಮೊದಲು ವಹಿವಾಟಿನ ಲೆಕ್ಕ

ನಗರಗಳ ಕಾಮಗಾರಿಗೆ ವಿಸ್ತೃತ ಯೋಜನಾ ವರದಿ ಸಿದ್ಧಪಡಿಸುವುದು ಹಲವು ವರ್ಷಗಳಿಂದ ನನ್ನ ವೃತ್ತಿ. ವರದಿಯ ಕೊನೆಯಲ್ಲಿ ‘ಆರ್ಥಿಕ ಪ್ರಯೋಜನಗಳು’ ಎಂಬ ಅಧ್ಯಾಯವಿರುತ್ತದೆ. ನಕ್ಷೆ, ಅಂದಾಜು ಪಟ್ಟಿ ಎಲ್ಲವೂ ಮುಗಿದ ಮೇಲೆ, ಮಂಜೂರಾತಿಗೆ ಕಳುಹಿಸುವ ಹಿಂದಿನ ದಿನ ಅದನ್ನು ತುಂಬುವುದು ರೂಢಿ. ನಾನೂ ಹಾಗೆಯೇ ತುಂಬಿದ್ದೇನೆ. ಯೋಜನೆ ಬೇಕೋ ಬೇಡವೋ ಎಂಬುದು ಅಷ್ಟರಲ್ಲಿ ತೀರ್ಮಾನವಾಗಿರುವುದರಿಂದ ಆ ಪುಟಗಳು ಒಂದು ಇಟ್ಟಿಗೆಯನ್ನೂ ಅತ್ತಿತ್ತ ಮಾಡಲಾರವು.

ಜಮೀನು ವಶಪಡಿಸಿಕೊಳ್ಳುವುದಾದರೆ 2013ರ ಭೂಸ್ವಾಧೀನ ಕಾಯ್ದೆ ಸಾಮಾನ್ಯವಾಗಿ ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಕೇಳುತ್ತದೆ. ಮೆಟ್ರೊ ಯೋಜನೆಗೆ ಕೇಂದ್ರದ ನೆರವು ಬೇಕಿದ್ದರೆ, 2017ರ ಮೆಟ್ರೊ ರೈಲು ನೀತಿಯಂತೆ ಪರ್ಯಾಯಗಳನ್ನು ತುಲನೆ ಮಾಡಿ, ಹಾಕಿದ ಹಣಕ್ಕೆ ಸಮಾಜಕ್ಕೆ ಮರಳುವ ಲಾಭವನ್ನು ಅಳೆಯುವ ಆರ್ಥಿಕ ಪ್ರತಿಫಲ ದರ ಕನಿಷ್ಠ ಶೇ 14 ಇದೆಯೆಂದು ತೋರಿಸಿ, ಸ್ವತಂತ್ರ ಸಂಸ್ಥೆಯ ಪರಿಶೀಲನೆಗೆ ಒಪ್ಪಿಸಬೇಕು. ಆದರೆ ಪಾಲಿಕೆಯೊಂದು ತನ್ನದೇ ಜಾಗದಲ್ಲಿ ಹಳೆಯ ಮಾರುಕಟ್ಟೆ ಕೆಡವಿ ವಾಣಿಜ್ಯ ಸಂಕೀರ್ಣ ಕಟ್ಟಲು ಹೊರಟಾಗ ಇಂಥ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿಲ್ಲ.

ನಮ್ಮ ಭಾಗದ ಒಂದು ನಗರದಲ್ಲಿ ಅಂಥದೇ ಕೆಲಸ ಬಂದಾಗ, ಅಂದಾಜು ಪಟ್ಟಿಗೆ ಮೊದಲೇ ಆರ್ಥಿಕ ಪರಿಣಾಮದ ಅಧ್ಯಯನಕ್ಕೆ, ಅಂದರೆ ಕಾಮಗಾರಿಯಿಂದ ಊರಿಗೆ ಆಗುವ ಲಾಭ ನಷ್ಟದ ಲೆಕ್ಕಕ್ಕೆ, ಅವಕಾಶ ಕೇಳಿದೆ, ಆಯುಕ್ತರು ಒಪ್ಪಿದರು. ವ್ಯಾಪಾರ ಎಷ್ಟಾಗುತ್ತದೆ ಎಂದು ನೇರವಾಗಿ ಕೇಳಿದರೆ ಅಂಗಡಿಯವರು ನಮ್ಮನ್ನು ತೆರಿಗೆಯವರೆಂದೇ ತಿಳಿಯುತ್ತಿದ್ದರು. ಆದ್ದರಿಂದ ಹಣದ ಮಾತು ಬಿಟ್ಟು, ದಿನಕ್ಕೆ ಎಷ್ಟು ಮೂಟೆ ಈರುಳ್ಳಿ ಇಳಿಯುತ್ತದೆ, ಹಮಾಲರಿಗೆ ಮೂಟೆಗೆ ಎಷ್ಟು ಕೂಲಿ, ಅಂಗಡಿಯಲ್ಲಿ ಎಷ್ಟು ಆಳುಗಳಿದ್ದಾರೆ ಎಂದು ಕೇಳತೊಡಗಿದೆವು. ಸಂತೆಯ ದಿನವೊಮ್ಮೆ, ಉಳಿದ ದಿನವೊಮ್ಮೆ ನಸುಕಿನಿಂದ ರಾತ್ರಿಯವರೆಗೆ ಪ್ರತಿ ಬಾಗಿಲಲ್ಲೂ ನಿಂತು ಗಿರಾಕಿಗಳನ್ನು ಎಣಿಸಿದೆವು.

ಹೂವಿನ ಸಾಲಿನ ಹಿರಿಯಾಕೆಯೊಬ್ಬರು ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಲೆಕ್ಕ ಬರೆದಿಟ್ಟಿದ್ದರು: ಎಷ್ಟು ಮಾರು ಸೇವಂತಿಗೆ ಬಂತು, ಯಾವ ಮದುವೆ ಮನೆಗೆ ಎಷ್ಟು ಹೋಯಿತು, ಯಾರ ಉದ್ರಿ ಎಷ್ಟು ಬಾಕಿ. “ನಮ್ಮನ್ನ ಊರಾಚೆ ಹಾಕಿದ್ರೆ ಉದ್ರಿ ತಗೊಂಡೋರು ಹುಡುಕ್ಕೊಂಡು ಬರ್ತಾರಾ ಸ್ವಾಮಿ?” ಎಂದು ಅವರು ಕೇಳಿದರು. ಅಲ್ಲಿಯವರೆಗೆ ನನ್ನ ನಮೂನೆಯಲ್ಲಿ ಬಾಕಿ ಉದ್ರಿಗೆ ಕಾಲಂ ಇರಲಿಲ್ಲ. ಅಂದು ಸಂಜೆಯೇ ಸೇರಿಸಿ, ಅದುವರೆಗೆ ಮುಗಿಸಿದ್ದ ಅಂಗಡಿಗಳಿಗೆಲ್ಲ ಮತ್ತೊಮ್ಮೆ ಹೋದೆವು. ಸಣ್ಣ ವ್ಯಾಪಾರಿಯ ಬಂಡವಾಳ ಇರುವುದೇ ಆ ಬಾಕಿಯಲ್ಲಿ.

ಲೆಕ್ಕ ಕಟ್ಟುವಾಗ ಎರಡು ಕಡೆ ಕೈ ಬಿಗಿಹಿಡಿದೆ. ಪಕ್ಕದ ಬೀದಿಯ ಗಿರಾಕಿ ಹೊಸ ಸಂಕೀರ್ಣಕ್ಕೆ ಬಂದರೆ ಅದು ಊರಿಗೆ ಹೊಸ ವ್ಯಾಪಾರವಲ್ಲ, ಜಾಗ ಬದಲಿಸಿದ ವ್ಯಾಪಾರ ಮಾತ್ರ. ಪಾಲಿಕೆಗೆ ಬರುವ ಹೆಚ್ಚುವರಿ ಬಾಡಿಗೆಯೂ ಅಷ್ಟೇ. ವ್ಯಾಪಾರಿಯ ಜೇಬಿನಿಂದ ಹೋದದ್ದನ್ನು ಊರಿನ ಲಾಭವೆಂದು ಬರೆಯಲಾಗದು. ಕಾಮಗಾರಿಯೇ ನಡೆಯದೆ, ಸೋರುವ ಚಾವಣಿಯನ್ನು ದುರಸ್ತಿ ಮಾಡಿದ್ದರೆ ಏನಾಗುತ್ತಿತ್ತು ಎಂಬುದರೊಂದಿಗೆ ಎಲ್ಲವನ್ನೂ ಹೋಲಿಸಿದೆ. ರೂಢಿಯ ಅಧ್ಯಾಯದಲ್ಲಿ ತೋರಿಸುತ್ತಿದ್ದುದಕ್ಕಿಂತ ಲಾಭ ಬಹಳ ಕಡಿಮೆಯೇ ಬಂತು. ಆದರೆ ಈ ಲೆಕ್ಕದಿಂದಾಗಿ ಕಟ್ಟಡವನ್ನು ಎರಡು ಭಾಗವಾಗಿ ಕೆಡವಿ ಕಟ್ಟುವುದು, ಹೂವು ತರಕಾರಿಯನ್ನು ಮೇಲಿನ ಅಂತಸ್ತಿಗೆ ಏರಿಸದೆ ನೆಲಮಟ್ಟದಲ್ಲೇ ಇರಿಸುವುದು, ಪಕ್ಕದ ಮೈದಾನದಲ್ಲಿ ತಾತ್ಕಾಲಿಕ ಶೆಡ್ ಹಾಕುವುದು, ಈ ಮೂರೂ ಟೆಂಡರಿನ ಷರತ್ತುಗಳಾಗಿ ಸೇರಿದವು.

ಅಧ್ಯಯನದಿಂದ ತಡವಾದಷ್ಟೂ ವೆಚ್ಚ ಏರುತ್ತದೆ ಎಂದು ಪಾಲಿಕೆಯ ಕೆಲವು ಸದಸ್ಯರು ಆಕ್ಷೇಪಿಸಿದರು. ಅದು ನಿಜ. ಚರಂಡಿ ದುರಸ್ತಿಗೆಲ್ಲ ಅಧ್ಯಯನ ಬೇಡ. ಒಂದು ಮೊತ್ತವನ್ನು ಗೊತ್ತುಮಾಡಿ, ಅದಕ್ಕೆ ಮೇಲ್ಪಟ್ಟ ಕಾಮಗಾರಿಗಳಿಗೆ ತಾಂತ್ರಿಕ ಮಂಜೂರಾತಿಗೆ, ಅಂದರೆ ನಕ್ಷೆ ಮತ್ತು ಅಂದಾಜು ಪಟ್ಟಿಗೆ ಎಂಜಿನಿಯರುಗಳ ಒಪ್ಪಿಗೆಗೆ, ಮುನ್ನವೇ ಅಧ್ಯಯನವನ್ನು ಕಡ್ಡಾಯ ಮಾಡಿ ಎಂದು ಕೋರಿದೆ. ಒಬ್ಬ ಅಧಿಕಾರಿಯ ಒಪ್ಪಿಗೆಯಿಂದ ನಡೆದ ಕೆಲಸ ಅವರ ವರ್ಗಾವಣೆಯೊಂದಿಗೆ ನಿಂತುಹೋಗಬಾರದು ಎಂಬುದೇ ನನ್ನ ಆತಂಕ. ಆ ಪ್ರಸ್ತಾವ ಇನ್ನೂ ಸಾಮಾನ್ಯ ಸಭೆಯ ಮುಂದಿದೆ.

ಈಗ ಮಾರುಕಟ್ಟೆಯ ಒಂದು ಭಾಗವನ್ನು ಕೆಡವಿದ್ದಾರೆ, ಹೂವಿನ ಸಾಲು ಮೈದಾನದ ಶೆಡ್ಡಿನಲ್ಲಿದೆ. ಮುಂದಿನ ತಿಂಗಳ ಸಂತೆಯ ದಿನ ನಾವು ಅದೇ ನಮೂನೆ ಹಿಡಿದು ಮತ್ತೆ ಎಣಿಕೆಗೆ ನಿಲ್ಲಲಿದ್ದೇವೆ.